ದ್ರೋಣನ ಹಿಂಜರಿಕೆ

ತಾಳಗುಂದದ ಶಿಲಾಸ್ತಂಭದಲ್ಲಿ ಐದನೆಯ ಶತಮಾನದ ಶಾಸನವೊಂದಿದೆ. ವೇದ ಓದಲು ಕಂಚಿಗೆ ಹೋದ ಮಯೂರಶರ್ಮನೆಂಬ ಬ್ರಾಹ್ಮಣ ಯುವಕ ಪಲ್ಲವರ ಕುದುರೆ ಸವಾರನೊಂದಿಗೆ ಜಗಳಕ್ಕೆ ಬಿದ್ದ, ಅವಮಾನ ನುಂಗಲಾರದೆ ದರ್ಭೆ ಹಿಡಿದ ಕೈಯಲ್ಲೇ ಕತ್ತಿ ಹಿಡಿದ ಎಂದು ಅದು ಹೇಳುತ್ತದೆ. ಅವನು ಕಟ್ಟಿದ ಕದಂಬ ರಾಜ್ಯದ ರಾಜಧಾನಿ ಬನವಾಸಿ ಇಂದು ಶಿರಸಿ ತಾಲ್ಲೂಕಿನ ಊರು. ಹೆಗಡೆಕಟ್ಟಾ ಎಂಬ ಹಳ್ಳಿ ಕೂಡ ಅದೇ ತಾಲ್ಲೂಕಿನದು. 2005ರಲ್ಲಿ ಕಾರವಾರದ ನೌಕಾನೆಲೆಗೆ ಹೆಸರಿಡುವಾಗ ನೌಕಾಪಡೆ ನೆನೆದದ್ದು ಈ ವಂಶವನ್ನೇ. ಆ ನೆಲೆಯ ಹೆಸರು ಐಎನ್‌ಎಸ್ ಕದಂಬ.

ಮಯೂರಶರ್ಮನ ಲೆಕ್ಕ ನೇರವಾಗಿತ್ತು. ಕತ್ತಿ ಅವನ ಕೈಯಲ್ಲಿತ್ತು, ಶತ್ರು ಕಣ್ಣೆದುರಿಗಿದ್ದ, ಪಾಪ ಪುಣ್ಯ ಎರಡೂ ಅವನ ತಲೆಗೇ. ಇವತ್ತು ಹೆಗಡೆಕಟ್ಟಾದಂಥ ಊರಿನ ಅಡಿಕೆ ತೋಟದ ಮನೆಯಿಂದ ಬೆಂಗಳೂರಿಗೆ ಹೋಗಿ ಎಂಜಿನಿಯರ್ ಆದವರ ಲೆಕ್ಕ ಅಷ್ಟು ನೇರವಲ್ಲ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೂತು ರಾಡಾರಿನ ತಂತ್ರಾಂಶದ ಒಂದು ತುಣುಕನ್ನು ಬರೆದವರು ಶತ್ರುವನ್ನು ಕಂಡಿರುವುದಿಲ್ಲ, ಶಸ್ತ್ರವನ್ನು ಪೂರ್ತಿಯಾಗಿ ನೋಡಿರುವುದೂ ಅಪರೂಪ. ಶಸ್ತ್ರ ತಯಾರಿಸಿ ಬದುಕುವುದು ಧರ್ಮವೇ? ಆ ಲಾಭದಲ್ಲಿ ಪಾಲು ಪಡೆಯುವುದು? ಹಳೆಯ ಪ್ರಶ್ನೆಯೇ ಸರಿ. ಆದರೆ ಈಗ ಅದನ್ನು ಕೇಳಬೇಕಾಗಿರುವುದು ಒಬ್ಬ ಯೋಧನನ್ನಲ್ಲ, ಒಂದು ಕಂಪನಿಯನ್ನು.

ಕರ್ನಾಟಕದ ಮಟ್ಟಿಗೆ ಆ ಕಂಪನಿ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್, ಎಲ್ಲರ ಬಾಯಲ್ಲಿ ಬಿಇಎಲ್. ಫ್ರಾನ್ಸಿನ ಸಿಎಸ್‌ಎಫ್ ಸಂಸ್ಥೆಯ ಸಹಯೋಗದಲ್ಲಿ 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು. ಸೈನ್ಯಕ್ಕೆ ಸಂಪರ್ಕ ಸಾಧನ ಮಾಡಿಕೊಡುವುದು ಮೊದಲ ಕೆಲಸ. ಅರವತ್ತರ ದಶಕದಲ್ಲಿ ರಾಡಾರ್ ಸೇರಿತು. ಈಗ ದೇಶದಲ್ಲಿ ಒಂಬತ್ತು ಘಟಕಗಳಿವೆ, 2007ರಿಂದ ನವರತ್ನದ ಪಟ್ಟವಿದೆ. 2024–25ರಲ್ಲಿ ವಹಿವಾಟು ಸುಮಾರು 23,000 ಕೋಟಿ ರೂಪಾಯಿ. 2025ರ ಏಪ್ರಿಲ್ 1ಕ್ಕೆ ಕೈಯಲ್ಲಿದ್ದ ಬೇಡಿಕೆ 71,000 ಕೋಟಿ ದಾಟಿತ್ತು. ಹೊಸದೊಂದು ಆರ್ಡರೂ ಬರದಿದ್ದರೂ ಮೂರು ವರ್ಷ ಯಂತ್ರ ನಿಲ್ಲುವುದಿಲ್ಲ ಎಂದರ್ಥ.

ಈ ಬೆಳವಣಿಗೆ ತಾನಾಗಿ ಆದದ್ದಲ್ಲ. 2020ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 101 ರಕ್ಷಣಾ ಸಾಮಗ್ರಿಗಳ ಆಮದಿಗೆ ಹಂತಹಂತವಾಗಿ ತಡೆ ಹಾಕಿತು, ಮುಂದೆ ಇನ್ನಷ್ಟು ಪಟ್ಟಿಗಳು ಬಂದವು. ಹೊರಗಿಂದ ತರಬಾರದೆಂದ ಮೇಲೆ ಒಳಗೆ ಮಾಡುವವರಿಗೆ ದಾರಿ ತೆರೆದಂತೆಯೇ. ಬಿಇಎಲ್ ಅದನ್ನು ಮೂರು ಕಡೆಯಿಂದ ಬಳಸಿಕೊಂಡಿತು: ಡಿಆರ್‌ಡಿಒ ರೂಪಿಸಿದ್ದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು, ರಕ್ಷಣೆಯ ಹೊರಗಿನ ವ್ಯವಹಾರವನ್ನೂ ಕೈಯಲ್ಲಿಟ್ಟುಕೊಳ್ಳುವುದು, ರಫ್ತು. ಇವುಗಳಲ್ಲಿ ಮೊದಲ ಎರಡು ದಾರಿಗಳಿಗೆ ನಮ್ಮ ಧರ್ಮಗ್ರಂಥಗಳು ಹೇಗೋ ಉತ್ತರ ಕೊಡುತ್ತವೆ. ಮೂರನೆಯದು ಅಷ್ಟು ಸಲೀಸಲ್ಲ.

ಹಳೆಯ ವಿಧಿಗಳು ಕಟುವಾಗಿವೆ. ಆಪತ್ತಿನಲ್ಲಿ ವ್ಯಾಪಾರಕ್ಕಿಳಿದ ಬ್ರಾಹ್ಮಣ ಏನೇನನ್ನು ಮಾರಬಾರದೆಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ಪಟ್ಟಿ ಕೊಡುತ್ತದೆ. ಅದರಲ್ಲಿ ನೀರಿನ ಬೆನ್ನಿಗೇ ಶಸ್ತ್ರ, ಅದರ ಬೆನ್ನಿಗೆ ವಿಷ. ಅಂಗುತ್ತರ ನಿಕಾಯದಲ್ಲಿ ಬುದ್ಧ ಗೃಹಸ್ಥರಿಗೆ ನಿಷೇಧಿಸಿದ ಐದು ವ್ಯಾಪಾರಗಳಲ್ಲಿ ಶಸ್ತ್ರದ್ದೇ ಮೊದಲು. ಜೀವಿಗಳು, ಮಾಂಸ, ಮದ್ಯ, ವಿಷ ಆಮೇಲೆ. ಈ ಬೋಧನೆ ಉತ್ತರ ಕನ್ನಡಕ್ಕೆ ಹೊರಗಿನದಲ್ಲ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವನ್ನು ಧರ್ಮ ಬೋಧಿಸಲು ‘ವನವಾಸ’ವೆಂಬ ನಾಡಿಗೆ ಕಳಿಸಲಾಯಿತೆಂದು ಮಹಾವಂಸ ಹೇಳುತ್ತದೆ. ಅದು ಬನವಾಸಿಯೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಈಗಲೂ ಪಕ್ಕದ ಮುಂಡಗೋಡದಲ್ಲಿ ಟಿಬೆಟನ್ ಭಿಕ್ಷುಗಳು ಬುದ್ಧನ ಬೋಧನೆಯನ್ನು ಓದುತ್ತಾರೆ.

ಜೈನರ ವಿಚಾರ ಇನ್ನೂ ಸೂಕ್ಷ್ಮ. ಶಿರಸಿಯ ಹತ್ತಿರದ ಸೋಂದೆಯಲ್ಲಿ ಸ್ವಾದಿ ಜೈನಮಠವಿರುವುದರಿಂದ ಇಲ್ಲಿಯವರಿಗೆ ಅದರ ಪರಿಚಯ ಕಡಿಮೆಯೇನಲ್ಲ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ‘ಹಿಂಸಾದಾನ’ವನ್ನು ಗೃಹಸ್ಥ ಬಿಡಬೇಕಾದ ದೋಷಗಳಲ್ಲಿ ಒಂದೆನ್ನುತ್ತದೆ. ಹಿಂಸೆಯ ಉಪಕರಣವನ್ನು ಇನ್ನೊಬ್ಬರಿಗೆ ಕೊಡುವುದೇ ಹಿಂಸಾದಾನ. ಅಲ್ಲಿ ಹೆಸರಿಸಿದ ಉಪಕರಣಗಳನ್ನು ನೋಡಬೇಕು: ಕೊಡಲಿ, ಕತ್ತಿ, ಆಯುಧ, ಸಂಕೋಲೆ, ಜೊತೆಗೆ ಗುದ್ದಲಿ ಮತ್ತು ಬೆಂಕಿ. ಗುದ್ದಲಿಯಿಲ್ಲದ ಅಡಿಕೆ ತೋಟವಿಲ್ಲ, ಬೆಂಕಿಯಿಲ್ಲದ ಅಡುಗೆಮನೆಯಿಲ್ಲ. ಒಂದೇ ವಸ್ತು ಬದುಕಿಗೂ ಸಾವಿಗೂ ಒದಗುತ್ತದೆ ಎನ್ನುವುದನ್ನು ಆ ಆಚಾರ್ಯರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಗಮನಿಸಿದ್ದರು.

ಬಿಇಎಲ್ಲಿನ ಉತ್ಪನ್ನಗಳ ಪಟ್ಟಿಯೂ ಹೀಗೆಯೇ. ಕ್ಷಿಪಣಿ ವ್ಯವಸ್ಥೆಯ ಜೊತೆಗೇ ಅಲ್ಲಿ ವಿದ್ಯುನ್ಮಾನ ಮತಯಂತ್ರವಿದೆ. ಹೆಗಡೆಕಟ್ಟಾದ ಮತದಾರ ಗುಂಡಿ ಒತ್ತುವ ಯಂತ್ರ ಬಂದಿರುವುದು ಬಿಇಎಲ್ಲಿನಿಂದ, ಇಲ್ಲವೇ ಹೈದರಾಬಾದಿನ ಇಸಿಐಎಲ್‌ನಿಂದ. ದೂರದರ್ಶನಕ್ಕೆ ಪ್ರಸಾರ ಯಂತ್ರ ಕೊಟ್ಟದ್ದೂ ಬಿಇಎಲ್ಲೇ. ಜಿಇ ಕಂಪನಿಯೊಡನೆ ಸೇರಿ ವೈಟ್‌ಫೀಲ್ಡಿನಲ್ಲಿ ಎಕ್ಸ್‌ರೇ ಟ್ಯೂಬ್ ಮಾಡಿಸಿದೆ. 2020ರ ಕೋವಿಡ್ ದಿನಗಳಲ್ಲಿ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸ ಹಿಡಿದು 30,000 ವೆಂಟಿಲೇಟರ್ ತಯಾರಿಸುವ ಹೊಣೆ ಹೊತ್ತಿತು. ಒಂದೇ ಆವರಣದಲ್ಲಿ ಉಸಿರು ಕೊಡುವ ಯಂತ್ರವೂ ಗುರಿ ಹಿಡಿಯುವ ಯಂತ್ರವೂ ತಯಾರಾಗುವಾಗ, ವಸ್ತುವನ್ನು ಮಾತ್ರ ನೋಡಿ ಪಾಪವನ್ನು ನಿರ್ಣಯಿಸುವ ಹಳೆಯ ಪಟ್ಟಿಗಳು ತೊದಲುತ್ತವೆ.

ಹಾಗೆಂದು ಸಂಪ್ರದಾಯ ಶಸ್ತ್ರವನ್ನು ಸಾರಾಸಗಟಾಗಿ ತಳ್ಳಿಹಾಕಿಯೂ ಇಲ್ಲ. ಜೈನರ ಮೊದಲ ತೀರ್ಥಂಕರ ಆದಿನಾಥ ಜನರಿಗೆ ಕಲಿಸಿದನೆಂಬ ಆರು ವೃತ್ತಿಗಳಲ್ಲಿ ಮೊದಲನೆಯದು ಅಸಿ, ಅಂದರೆ ಕತ್ತಿಯ ಕಸುಬು. ಮಸಿ, ಕೃಷಿಗಳು ಅದರ ನಂತರ. ಜೈನ ಶಾಸ್ತ್ರ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಮೈಮೇಲೆ ಬಂದವನನ್ನು ತಡೆಯುವಾಗ ಆಗುವ ವಿರೋಧಿ ಹಿಂಸೆಯನ್ನು ಗೃಹಸ್ಥನಿಗೆ ಕ್ಷಮಿಸುತ್ತದೆ. ಗಂಗರ ದಂಡನಾಯಕನಾಗಿ ಯುದ್ಧಗಳನ್ನು ಗೆದ್ದ ಚಾವುಂಡರಾಯನೇ 981ರ ಹೊತ್ತಿಗೆ ಶ್ರವಣಬೆಳಗೊಳದಲ್ಲಿ, ಗೆದ್ದದ್ದನ್ನೆಲ್ಲ ಬಿಟ್ಟು ನಿಂತ ಬಾಹುಬಲಿಯನ್ನು ಕಡೆಸಿದ. ಅವನ ಬದುಕಿನಲ್ಲಿ ಎರಡಕ್ಕೂ ಜಾಗವಿತ್ತು.

2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಡ್ರೋನುಗಳು ಗಡಿ ದಾಟಿದಾಗ ಸೈನ್ಯದ ವಾಯುರಕ್ಷಣೆಗೆ ಒದಗಿದ ‘ಆಕಾಶ್‌ತೀರ್’ ಜಾಲ ವಿರೋಧಿ ಹಿಂಸೆಯ ಈ ವಾದಕ್ಕೆ ಒಳ್ಳೆಯ ಸಾಕ್ಷಿ. 2023ರ ಮಾರ್ಚಿನಲ್ಲಿ 1,982 ಕೋಟಿ ರೂಪಾಯಿಗೆ ಬಿಇಎಲ್ ಒಪ್ಪಿಕೊಂಡ ಕೆಲಸ ಅದು. ಬೇರೆ ಬೇರೆ ರಾಡಾರುಗಳ ನೋಟವನ್ನು ಒಂದೇ ಚಿತ್ರವಾಗಿ ಕೂಡಿಸಿ, ಬರುತ್ತಿರುವುದು ನಮ್ಮದೋ ಪರರದೋ ಎಂದು ತಿಳಿಸಿ, ಯಾವ ಫಿರಂಗಿ ಅದನ್ನು ಎದುರಿಸಬೇಕೆಂದು ಹೇಳುವುದು ಅದರ ಕೆಲಸ. ಅಮೃತಸರದಲ್ಲೋ ಜಮ್ಮುವಿನಲ್ಲೋ ಮನೆಯೊಳಗೆ ಮಲಗಿದ್ದವರ ಮಟ್ಟಿಗೆ ಅದು ಗುರಾಣಿ. ಇದನ್ನು ರೂಪಿಸಿದ ಎಂಜಿನಿಯರಿಗೆ ಯಾವ ಪ್ರಾಯಶ್ಚಿತ್ತವನ್ನು ಹೇಳುವುದು?

ಇಲ್ಲಿಗೆ ನಿಂತಿದ್ದರೆ ಚರ್ಚೆ ಮುಗಿಯುತ್ತಿತ್ತು. ಆದರೆ ಕಂಪನಿ ಬೆಳೆದಂತೆ ಅದರೊಳಗಿನ ಪಾಲುದಾರರೂ ಬೆಳೆಯುತ್ತಾರೆ. 2024ರ ಸೆಪ್ಟೆಂಬರ್ ಕೊನೆಗೆ ಬಿಇಎಲ್ ನಿಫ್ಟಿ 50 ಸೂಚ್ಯಂಕಕ್ಕೆ, 2025ರ ಜೂನಿನಲ್ಲಿ ಸೆನ್ಸೆಕ್ಸಿಗೆ ಸೇರಿತು. ಸೂಚ್ಯಂಕ ನಿಧಿಗಳು ಪಟ್ಟಿಯಲ್ಲಿರುವುದನ್ನೆಲ್ಲ ಅದರ ತೂಕಕ್ಕೆ ತಕ್ಕಂತೆ ಕೊಳ್ಳುತ್ತವೆ. ಆಯ್ಕೆಯ ಪ್ರಶ್ನೆಯೇ ಇಲ್ಲ. ಅಡಿಕೆ ಮಾರಿದ ಹಣದಲ್ಲಿ ತಿಂಗಳಿಗಿಷ್ಟೆಂದು ನಿಫ್ಟಿ ನಿಧಿಗೆ ಹಾಕುವ ಬೆಳೆಗಾರ ತನಗೆ ತಿಳಿಯದೆಯೇ ರಾಡಾರಿನ ಒಡೆಯ. ಕಾರ್ಮಿಕರ ಭವಿಷ್ಯನಿಧಿ ಸಂಘಟನೆ 2015ರಿಂದ ತನ್ನ ಹಣದ ಒಂದು ಪಾಲನ್ನು ಇಂಥ ಸೂಚ್ಯಂಕ ನಿಧಿಗಳಲ್ಲಿ ತೊಡಗಿಸುತ್ತಿರುವುದರಿಂದ, ಪಿಎಫ್ ಇರುವ ನೌಕರನೂ ಹಾಗೆಯೇ. ಇವರು ಯಾರೂ ಬೇಡ, ಕಂಪನಿಯ ಅರ್ಧಕ್ಕಿಂತ ತುಸು ಹೆಚ್ಚು ಶೇರು ಭಾರತ ಸರ್ಕಾರದ್ದು. ಆ ಲೆಕ್ಕದಲ್ಲಿ ಓಟು ಹಾಕುವ ಪ್ರತಿಯೊಬ್ಬರೂ.

‘ನಾನು ಮಾಡಿಲ್ಲ, ಒಂದಿಷ್ಟು ದುಡ್ಡು ಹಾಕಿದ್ದೇನಷ್ಟೆ’ ಎಂಬ ಸಮಾಧಾನವನ್ನು ತತ್ತ್ವಾರ್ಥಸೂತ್ರ ಒಪ್ಪುವುದಿಲ್ಲ. ಕರ್ಮ ಅಂಟುವ ದಾರಿ ಮೂರು: ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಇದಕ್ಕೆ ಎದುರಾಗಿ ಮಹಾಭಾರತದ ವನಪರ್ವದಲ್ಲಿ ಮಿಥಿಲೆಯ ಮಾಂಸದ ವ್ಯಾಪಾರಿ ಧರ್ಮವ್ಯಾಧನಿದ್ದಾನೆ. ತಾನಾಗಿ ಕೊಲ್ಲುವುದಿಲ್ಲ, ಬೇರೆಯವರು ಕೊಂದದ್ದನ್ನು ಮಾರುತ್ತೇನೆ ಎನ್ನುತ್ತಾನೆ ಅವನು. ಆದರೆ ಅಷ್ಟು ಹೇಳಿ ಕೈತೊಳೆದುಕೊಳ್ಳುವುದೂ ಇಲ್ಲ. ತನ್ನ ಕಸುಬು ಘೋರವೆಂದು ಒಪ್ಪಿಕೊಂಡೇ ಕೌಶಿಕನೆಂಬ ಬ್ರಾಹ್ಮಣನಿಗೆ ಧರ್ಮ ಬೋಧಿಸುತ್ತಾನೆ. ತನ್ನ ಅಂಗಡಿಯಲ್ಲಿ ಏನಿದೆ ಎಂಬುದು ಅವನಿಗೆ ಗೊತ್ತಿತ್ತು. ಸೂಚ್ಯಂಕ ನಿಧಿಯ ಪಾಲುದಾರನಿಗೆ ಆ ತಿಳಿವಳಿಕೆಯೂ ಇಲ್ಲ.

ಈಗ ರಫ್ತಿನ ಮಾತು. 2013–14ರಲ್ಲಿ 686 ಕೋಟಿ ರೂಪಾಯಿಯಷ್ಟಿದ್ದ ಭಾರತದ ರಕ್ಷಣಾ ರಫ್ತು 2024–25ರಲ್ಲಿ 23,622 ಕೋಟಿ ಮುಟ್ಟಿದೆ; 2029ರ ಹೊತ್ತಿಗೆ 50,000 ಕೋಟಿಯ ಗುರಿ. ಬಿಇಎಲ್ಲಿನ ಪಾಲು ಇದರಲ್ಲಿ ಇನ್ನೂ ಚಿಕ್ಕದು, 2024–25ರಲ್ಲಿ ಹತ್ತು ಕೋಟಿ ಡಾಲರಿನ ಆಸುಪಾಸು. ಆದರೆ ಕಂಪನಿ ಬೆಳೆಯಬೇಕೆಂದು ಹೊರಟಿರುವ ದಿಕ್ಕು ಅದೇ. ವಿರೋಧಿ ಹಿಂಸೆಯ ಸಮರ್ಥನೆ ಗಡಿಯಲ್ಲೇ ನಿಂತುಬಿಡುತ್ತದೆ. ಬೇರೆಯವರ ಕೈಗೆ ಕೊಟ್ಟ ಶಸ್ತ್ರ ಯಾರನ್ನು ತಡೆಯುತ್ತದೆ, ಯಾರನ್ನು ತುಳಿಯುತ್ತದೆ?

ಇದಕ್ಕೆ ಮಹಾಭಾರತದಲ್ಲಿ ಒಂದು ಪುರಾತನ ಪ್ರಸಂಗವಿದೆ. ಸೌಪ್ತಿಕ ಪರ್ವದಲ್ಲಿ ಕೃಷ್ಣ ಹೇಳುತ್ತಾನೆ: ಬ್ರಹ್ಮಶಿರ ಅಸ್ತ್ರವನ್ನು ದ್ರೋಣ ಅರ್ಜುನನಿಗೆ ಸಂತೋಷದಿಂದ ಕೊಟ್ಟ, ಮಗ ಅಶ್ವತ್ಥಾಮ ಹಟ ಹಿಡಿದಾಗ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟ. ಮಗನ ಚಪಲ ಅವನಿಗೆ ಗೊತ್ತಿತ್ತು. ಮನುಷ್ಯರ ಮೇಲೆ ಬಿಡಬೇಡ ಎಂದು ಎಚ್ಚರಿಸಿದ. ಎಚ್ಚರಿಕೆ ಕೆಲಸಕ್ಕೆ ಬರಲಿಲ್ಲ. ಇಬ್ಬರೂ ಅಸ್ತ್ರ ಬಿಟ್ಟಾಗ ವ್ಯಾಸ ನಾರದರು ನಡುವೆ ಬಂದರು. ಅರ್ಜುನ ಹಿಂತೆಗೆದುಕೊಂಡ, ಅಶ್ವತ್ಥಾಮನಿಗೆ ಹಿಂತೆಗೆದುಕೊಳ್ಳಲು ಬರಲಿಲ್ಲ. ಕೊನೆಗೆ ಅದು ಹೋದದ್ದು ಪಾಂಡವ ಸ್ತ್ರೀಯರ ಗರ್ಭಕ್ಕೆ. ಅಸ್ತ್ರ ಎರಡೂ ಒಂದೇ, ಕೊಟ್ಟವನೂ ಒಬ್ಬನೇ. ಬೇರೆಯಾದದ್ದು ಪಡೆದವರು. ಹೀಗಾಗಿ ಶಸ್ತ್ರದ ಧರ್ಮವನ್ನು ತೂಗುವುದಾದರೆ ಏನು ಮಾಡಿದಿರಿ ಎಂಬುದಕ್ಕಿಂತ ಯಾರಿಗೆ ಕೊಟ್ಟಿರಿ ಎಂಬ ಪ್ರಶ್ನೆಯೇ ಭಾರವಾದದ್ದು.

2023ರಲ್ಲಿ ಆ ಪ್ರಶ್ನೆಯನ್ನು ಬಿಇಎಲ್ಲಿಗೆ ಕೇಳಿದ್ದು ನಾರ್ವೆ. ಅಲ್ಲಿನ ತೈಲಸಂಪತ್ತಿನ ಸರ್ಕಾರಿ ನಿಧಿ ಬಿಇಎಲ್ ಮತ್ತು ಚೀನಾದ ಏವಿಚೈನಾ ಎರಡನ್ನೂ ತನ್ನ ಹೂಡಿಕೆಯಿಂದ ಹೊರಗಿಟ್ಟಿತು. 2021ರ ಫೆಬ್ರವರಿಯಲ್ಲಿ ಚುನಾಯಿತ ಸರ್ಕಾರವನ್ನು ಉರುಳಿಸಿ ತನ್ನ ಜನರ ಮೇಲೆಯೇ ತಿರುಗಿಬಿದ್ದ ಮ್ಯಾನ್ಮಾರ್ ಸೇನೆಗೆ ಸಾಮಗ್ರಿ ಮಾರಿದ್ದು ಅದಕ್ಕೆ ಕಾರಣ. ಭಾರತಕ್ಕೂ ತನ್ನದೇ ಲೆಕ್ಕವಿದೆ: ಮ್ಯಾನ್ಮಾರಿನೊಂದಿಗೆ 1,600 ಕಿಲೋಮೀಟರಿಗೂ ಉದ್ದದ ಗಡಿ, ಆಚೆ ಅಡಗುವ ಈಶಾನ್ಯದ ಬಂಡುಕೋರರು, ನೆಪಿಡಾದಲ್ಲಿ ಬೀಜಿಂಗಿನ ಪ್ರಭಾವ. ನಾರ್ವೆಯೂ ತೈಲ ಮಾರಿ, ಶಸ್ತ್ರವನ್ನೂ ತಯಾರಿಸಿ ಬದುಕುವ ದೇಶ. ಅದರ ನೈತಿಕತೆಗೆ ದೂರದ ಅನುಕೂಲವೂ ಇದೆ. ಇಷ್ಟಾದರೂ ಅದು ಮಾಡಿದ್ದನ್ನು ಅಲ್ಲಗಳೆಯಲಾಗದು. ನಿಧಿಗೊಂದು ನೀತಿಮಂಡಳಿಯಿದೆ, ಮಂಡಳಿ ಕಾರಣ ಬರೆಯಿತು, ಬರೆದದ್ದು ಪ್ರಕಟವಾಯಿತು.

ಇಲ್ಲಿ ಅದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಗಾಜಾ ಯುದ್ಧದ ನಡುವೆ ಇಸ್ರೇಲಿಗೆ ಶಸ್ತ್ರ ರಫ್ತು ನಿಲ್ಲಿಸಬೇಕೆಂಬ ಅರ್ಜಿಯನ್ನು ನ್ಯಾಯಾಲಯ 2024ರ ಸೆಪ್ಟೆಂಬರ್ 9ರಂದು ವಜಾ ಮಾಡಿತು. ವಿದೇಶಾಂಗ ನೀತಿ ಸರ್ಕಾರದ ವ್ಯಾಪ್ತಿ ಎಂದಿತು. ಕಾನೂನಿನ ದೃಷ್ಟಿಯಿಂದ ಆ ನಿಲುವಿಗೆ ಆಧಾರವಿದೆ. ಧರ್ಮದ ದೃಷ್ಟಿಯಿಂದ ಪ್ರಶ್ನೆ ಮತ್ತೆ ಸರ್ಕಾರವನ್ನು ಆರಿಸಿದವರ ಅಂಗಳಕ್ಕೇ ಬಂದು ಬಿದ್ದಿದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇಂಥ ಪ್ರಶ್ನೆ ಕೇಳುವ ಅಭ್ಯಾಸ ಹೊಸದಲ್ಲ. ತಾಳಮದ್ದಳೆಯ ‘ವಾಲಿವಧೆ’ಯಲ್ಲಿ ಬಾಣ ನಾಟಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ಸಾಕ್ಷಾತ್ ರಾಮನನ್ನೇ ನಿಲ್ಲಿಸಿ ಕೇಳುತ್ತಾನೆ. ರಾಮನ ಅರ್ಥಧಾರಿ ಉತ್ತರಿಸದೆ ಎದ್ದು ಹೋಗುವ ಹಾಗಿಲ್ಲ. ರಾಮ ದೇವರೆಂಬ ಭಕ್ತಿಗೂ ಅವನಿಂದ ಜವಾಬು ಪಡೆಯುವುದಕ್ಕೂ ಅಲ್ಲಿ ವಿರೋಧವೆನಿಸಿಲ್ಲ. ದೇಶದ ರಕ್ಷಣೆಯ ಮೇಲಿನ ಅಭಿಮಾನವೂ ಹಾಗೆಯೇ ಪ್ರಶ್ನೆಯನ್ನು ತಾಳಿಕೊಳ್ಳಬಲ್ಲದು. ಬಿಇಎಲ್ ಶೇರು ಪೇಟೆಯಲ್ಲಿರುವ ಕಂಪನಿ. ಒಂದೇ ಒಂದು ಶೇರು ಇದ್ದವರೂ ವಾರ್ಷಿಕ ಮಹಾಸಭೆಗೆ ಹಾಜರಾಗಬಹುದು, ಆಡಳಿತ ಮಂಡಳಿಯನ್ನು ಕೇಳಬಹುದು. ಸಭೆಯಲ್ಲಿ ಸಾಮಾನ್ಯವಾಗಿ ಎದ್ದು ಬರುವುದು ಲಾಭಾಂಶದ ಮಾತು, ಮುಂದಿನ ದೊಡ್ಡ ಆರ್ಡರಿನ ಮಾತು. ಕೊಳ್ಳುವವರನ್ನು ಹೇಗೆ ಆರಿಸುತ್ತೀರಿ, ಕೊಟ್ಟ ಮೇಲೆ ಬಳಕೆಯನ್ನು ನೋಡುವವರು ಯಾರು, ಕೊಡಲಾಗದು ಎಂದು ಯಾರಿಗಾದರೂ ಎಂದಾದರೂ ಹೇಳಿದ್ದೀರಾ ಎಂಬ ಮೂರು ಪ್ರಶ್ನೆಗಳನ್ನೂ ಅಲ್ಲಿ ಕನ್ನಡದಲ್ಲೇ ಕೇಳಲು ಅಡ್ಡಿಯಿಲ್ಲ.