ರಾಜಿ, ನ್ಯಾಯಾಲಯದ ಮುದ್ರೆ ಮತ್ತು ನ್ಯಾಸಾಪಹಾರ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ಕನ್ನಡ ನಾಡಿನಲ್ಲಿ ಬಹು ಹಳೆಯದು. ವ್ಯಾಪಾರಿಗಳ ಮನೆಗಳಲ್ಲಂತೂ ಇದು ಮಕ್ಕಳಿಗೂ ಬಾಯಿಪಾಠ. ಆದುದರಿಂದಲೇ ವ್ಯಾಜ್ಯವೊಂದು ರಾಜಿಯಲ್ಲಿ ಮುಗಿಯಿತೆಂದರೆ ಬಂಧುಬಳಗದವರು ನೆಮ್ಮದಿಯ ಉಸಿರುಬಿಡುತ್ತಾರೆ. ಬಸದಿಯಲ್ಲಿ ಹಿರಿಯರು ಉಭಯ ಪಕ್ಷದವರನ್ನೂ ಹರಸುತ್ತಾರೆ. ವೈರ ಶಮನವಾಯಿತು, ಕ್ರೋಧಾದಿ ಕಷಾಯಗಳು ಇಳಿದವು ಎಂದು ಭಾವಿಸುವುದು ಸಹಜ. ನ್ಯಾಯಾಧೀಶರೇ ರಾಜಿಯನ್ನು ಅಂಗೀಕರಿಸಿ ಡಿಕ್ರಿ ನೀಡಿದ ಮೇಲೆ ಅದರ ಧರ್ಮಾಧರ್ಮಗಳನ್ನು ಮತ್ತೆ ಕೇಳುವ ಅಗತ್ಯವೇ ಇಲ್ಲವೆಂಬ ನಂಬಿಕೆಯೂ ಜೊತೆಗೆ ಬೆಳೆದಿದೆ. ಈ ಕಡೆಯ ನಂಬಿಕೆ ಮಾತ್ರ ಪರೀಕ್ಷೆಗೆ ನಿಲ್ಲುವಂತಹುದಲ್ಲ. ನ್ಯಾಯಾಲಯದ ಅಂಗೀಕಾರ ಯಾವುದಕ್ಕೆ ದೊರೆಯುತ್ತದೆ, ಯಾವುದಕ್ಕೆ ದೊರೆಯುವುದಿಲ್ಲ ಎಂಬುದನ್ನು ಅರಿಯದ ಶ್ರಾವಕನು ತನ್ನ ವ್ರತದ ಹೊಣೆಯನ್ನು ನ್ಯಾಯಪೀಠದ ಮೇಲೆ ಹೊರಿಸಿ ನಿಶ್ಚಿಂತನಾಗಿಬಿಡುತ್ತಾನೆ.

ಮೊದಲಿಗೆ ಕಾನೂನಿನ ಮಾತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೆಯ ಆದೇಶದ 3ನೆಯ ನಿಯಮವು ರಾಜಿಗೆ ಸಂಬಂಧಿಸಿದ್ದು. 1976ರ ತಿದ್ದುಪಡಿಯ ನಂತರ ರಾಜಿಯು ಲಿಖಿತವಾಗಿರಬೇಕು, ಪಕ್ಷಕಾರರ ಸಹಿ ಇರಬೇಕು ಮತ್ತು ಅದು ಕಾನೂನುಬದ್ಧವಾಗಿರಬೇಕು. ಇವು ನ್ಯಾಯಾಲಯಕ್ಕೆ ಮನವರಿಕೆಯಾದರೆ ರಾಜಿಯನ್ನು ದಾಖಲಿಸಿ ಅದರಂತೆ ಡಿಕ್ರಿ ನೀಡಲಾಗುತ್ತದೆ. 1872ರ ಕರಾರು ಕಾಯಿದೆಯ ಪ್ರಕಾರ ಶೂನ್ಯವಾದ ಅಥವಾ ರದ್ದುಪಡಿಸಬಹುದಾದ ಒಪ್ಪಂದವು ಕಾನೂನುಬದ್ಧವೆನಿಸುವುದಿಲ್ಲವೆಂದು ಅದೇ ನಿಯಮದ ವಿವರಣೆ ಹೇಳುತ್ತದೆ. ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆಗಳಿಂದ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ರಾಜಿಯನ್ನು ದಾಖಲಿಸುವಾಗ ನ್ಯಾಯಾಲಯವು ಯಾಂತ್ರಿಕವಾಗಿ ವರ್ತಿಸದೆ ಮನಸ್ಸಿಟ್ಟು ಪರಿಶೀಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪೊಂದರಲ್ಲಿ ಹೇಳಿದೆ. ಒಮ್ಮೆ ಡಿಕ್ರಿಯಾದ ಬಳಿಕ ಅದರ ಬಲ ದೊಡ್ಡದು. ಒಪ್ಪಿಗೆಯ ಡಿಕ್ರಿಯ ಮೇಲೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ. ರಾಜಿ ಕಾನೂನುಬದ್ಧವಲ್ಲವೆಂಬ ಕಾರಣಕ್ಕೆ ಬೇರೊಂದು ದಾವೆ ಹೂಡುವಂತೆಯೂ ಇಲ್ಲ. ವಂಚನೆಯಾಗಿದೆ ಎನ್ನುವವರು ರಾಜಿಯನ್ನು ದಾಖಲಿಸಿದ ಅದೇ ನ್ಯಾಯಾಲಯದ ಮುಂದೆ ಹೋಗಿ ಅದನ್ನು ಸಾಧಿಸಬೇಕು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಪ್ರಾಪ್ತ ವಯಸ್ಕರಾದ ಇಬ್ಬರ ನಡುವಿನ ರಾಜಿಯಲ್ಲಿ ನ್ಯಾಯಾಲಯವು ‘ಇದು ಕಾನೂನಿಗೆ ವಿರುದ್ಧವೇ?’ ಎಂದು ಕೇಳುತ್ತದೆಯೇ ಹೊರತು ‘ಇದು ನ್ಯಾಯವಾದ ಹಂಚಿಕೆಯೇ?’ ಎಂದು ಕೇಳುವುದಿಲ್ಲ. ಹತ್ತು ರೂಪಾಯಿ ಬರಬೇಕಾದವನು ಮೂರಕ್ಕೆ ಒಪ್ಪಿದರೆ ಅದು ಅವನ ಇಚ್ಛೆ. ಹಾಗಿರುವುದು ಸರಿಯೂ ಹೌದು. ಪ್ರತಿಯೊಂದು ಅಂಕಿಯನ್ನೂ ನ್ಯಾಯಾಧೀಶರು ತೂಗಿನೋಡಬೇಕಾದರೆ ರಾಜಿಗೂ ತೀರ್ಪಿಗೂ ಭೇದವೇ ಉಳಿಯದು.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಜವಳಿ ಅಂಗಡಿಯೊಂದರ ಯಜಮಾನರು ಉಯಿಲು ಬರೆಯದೆ ಕಾಲವಾಗಿದ್ದಾರೆ. ಪತ್ನಿ ಮೊದಲೇ ತೀರಿಕೊಂಡಿದ್ದಾರೆ. ಉಳಿದವರು ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ತಂದೆಯ ಸ್ವಯಾರ್ಜಿತದಲ್ಲಿ ಮೂವರಿಗೂ ಸಮಪಾಲು. ಅಣ್ಣಂದಿರು ಪಾಲು ಕೊಡಲು ಹಿಂದೆಮುಂದೆ ನೋಡಿದಾಗ ತಂಗಿ ವಿಭಾಗದ ದಾವೆ ಹೂಡುತ್ತಾಳೆ. ನಾಲ್ಕು ವರ್ಷ ವಾಯಿದೆಗಳಲ್ಲಿ ಕಳೆಯುತ್ತದೆ. ಕೊನೆಗೆ ಹಿರಿಯರು ನಡುವೆ ಬಂದು, ತಂಗಿಗೆ ಒಂದು ನಿವೇಶನ ಮತ್ತು 12 ಲಕ್ಷ ರೂಪಾಯಿ ಎಂದು ತೀರ್ಮಾನವಾಗುತ್ತದೆ. ತಂದೆ ತಮ್ಮ ಕೊನೆಯ ದಿನಗಳಲ್ಲಿ ಪರಊರಿನ ಮೂರು ಅಂಗಡಿಗಳಲ್ಲಿ ನಂಬಿಕೆಯ ಮೇಲೆ ಬಿಟ್ಟಿದ್ದ 40 ಲಕ್ಷದ ಬಾಕಿ ಹಿರಿಯ ಮಗನಿಗೆ ಮಾತ್ರ ಗೊತ್ತು. ಅದು ಖಾತೆಪುಸ್ತಕದಲ್ಲಿದೆ, ದಾವೆಯ ಆಸ್ತಿಪಟ್ಟಿಯಲ್ಲಿ ಇಲ್ಲ. ತಂಗಿ ಕೇಳಲಿಲ್ಲ, ಅಣ್ಣ ಹೇಳಲಿಲ್ಲ. ರಾಜಿ ಅರ್ಜಿಯ ಕೊನೆಯಲ್ಲಿ ‘ಇನ್ನು ಮುಂದೆ ಒಬ್ಬರ ಮೇಲೊಬ್ಬರಿಗೆ ಯಾವುದೇ ಹಕ್ಕುಬಾಧ್ಯತೆ ಇರುವುದಿಲ್ಲ’ ಎಂಬ ವಾಕ್ಯ ಸೇರುತ್ತದೆ. ನ್ಯಾಯಾಧೀಶರು ಆಕೆಯನ್ನು ‘ಸ್ವಇಚ್ಛೆಯಿಂದ ಒಪ್ಪಿದ್ದೀರಾ, ಓದಿ ತಿಳಿದು ಸಹಿ ಮಾಡಿದ್ದೀರಾ?’ ಎಂದು ಕೇಳುತ್ತಾರೆ. ಆಕೆ ‘ಹೌದು’ ಎನ್ನುತ್ತಾಳೆ. ಅದು ಸುಳ್ಳಲ್ಲ. ಯಾರೂ ಸುಳ್ಳಾಡಿಲ್ಲ. ಡಿಕ್ರಿಯಾಗುತ್ತದೆ.

ಈ ಪ್ರಸಂಗವನ್ನೇ ಮುಂದಿಟ್ಟುಕೊಂಡು ಬರೆದಿದ್ದಾರೇನೋ ಎಂಬಂತೆ ಆಚಾರ್ಯ ಪೂಜ್ಯಪಾದರು ವಿವರಿಸಿರುವ ದೋಷವೊಂದಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ನಾಲ್ಕನೆಯದಾದ ನ್ಯಾಸಾಪಹಾರವನ್ನು ಇಟ್ಟ ಒತ್ತೆಯನ್ನು ನುಂಗಿಹಾಕುವುದು ಎಂದಷ್ಟೇ ಸಾಮಾನ್ಯರು ತಿಳಿಯುತ್ತಾರೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಕೊಡುವ ವಿವರಣೆ ಅದಕ್ಕಿಂತ ಬಹಳ ಸೂಕ್ಷ್ಮ. ಹೊನ್ನು ಮುಂತಾದುದನ್ನು ಒಬ್ಬನಲ್ಲಿ ಇಟ್ಟವನು ಕಾಲಾಂತರದಲ್ಲಿ ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಸಂಖ್ಯೆಯನ್ನು ಹೇಳಿ ಕೇಳಿಕೊಂಡಾಗ, ಇಟ್ಟುಕೊಂಡವನು ‘ಹಾಗೆಯೇ ಆಗಲಿ’ ಎಂದು ಒಪ್ಪುವ ಮಾತೇ ನ್ಯಾಸಾಪಹಾರ. ಕದಿಯಲಿಲ್ಲ, ಲೆಕ್ಕ ತಿದ್ದಲಿಲ್ಲ, ಕೇಳಿದ್ದನ್ನು ಕೊಟ್ಟಿದ್ದಾನೆ, ಆದರೂ ದೋಷ. ಇನ್ನೊಂದು ವಿಷಯವೂ ವಿಚಾರಣೀಯ. ಈ ದೋಷವನ್ನು ಆಗಮಕಾರರು ಅಚೌರ್ಯದ ಅತಿಚಾರಗಳಲ್ಲಿ ಸೇರಿಸಲಿಲ್ಲ, ಸತ್ಯದ ಅತಿಚಾರಗಳಲ್ಲಿ ಸೇರಿಸಿದರು. ಹೋದದ್ದು ಹೊನ್ನಾದರೂ ಕೆಟ್ಟದ್ದು ಮಾತು. ಎದುರಿನವನ ಅಜ್ಞಾನಕ್ಕೆ ‘ಹೌದು’ ಎಂದ ಒಪ್ಪಿಗೆಯ ಮಾತು.

ಕರಾರು ಕಾಯಿದೆಯನ್ನು ರಚಿಸಿದವರಿಗೂ ಈ ಸೂಕ್ಷ್ಮ ತಿಳಿಯದೇ ಇರಲಿಲ್ಲ. ಅದರ 17ನೆಯ ಕಲಂ ಸುಮ್ಮನಿರುವುದು ತಾನೇ ವಂಚನೆಯಲ್ಲ ಎನ್ನುತ್ತದೆ. ಹೇಳುವುದು ಕರ್ತವ್ಯವಾಗಿರುವ ಸಂದರ್ಭ ಇದಕ್ಕೆ ಅಪವಾದ. ಅಲ್ಲಿ ಕೊಟ್ಟಿರುವ ದೃಷ್ಟಾಂತಗಳು ಪ್ರಸಿದ್ಧ. ಒಬ್ಬನು ತನ್ನ ಕುದುರೆಗೆ ಊನವಿದೆಯೆಂದು ತಿಳಿದೂ ಹೇಳದೆ ಹರಾಜಿನಲ್ಲಿ ಮಾರಿದರೆ ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದ ಅವನ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯ. ವ್ಯಾಪಾರಿಗಳಿಬ್ಬರು ಕರಾರು ಮಾಡಿಕೊಳ್ಳುವಾಗ ಧಾರಣೆ ಬದಲಾಗಿರುವ ಖಾಸಗಿ ಸುದ್ದಿ ಒಬ್ಬನಿಗೆ ತಿಳಿದಿದ್ದರೆ ಇನ್ನೊಬ್ಬನಿಗೆ ಹೇಳಲೇಬೇಕೆಂದಿಲ್ಲ. ಈ ಕಡೆಯ ದೃಷ್ಟಾಂತ ಮಂಡಿಗಳಲ್ಲಿ ಬಹಳ ಪ್ರಿಯವಾದದ್ದೆಂದು ಹೇಳಬೇಕಾಗಿಲ್ಲ! ಮಗಳಿಗೆ ಹೇಳಬೇಕು, ಪರರಿಗೆ ಬೇಡ. ಕಾನೂನು ಎಳೆದಿರುವ ಗೆರೆ ಹೆಚ್ಚುಕಡಿಮೆ ಇಲ್ಲಿಯೇ. ನಾಲ್ಕು ವರ್ಷ ಎದುರುಬದುರು ನಿಂತು, ತನ್ನದೇ ವಕೀಲರನ್ನು ಇಟ್ಟುಕೊಂಡ ತಂಗಿ ಈ ಗೆರೆಯ ಒಳಗಿದ್ದಾಳೋ ಹೊರಗಿದ್ದಾಳೋ ಎಂಬುದು ವಾದಕ್ಕೆ ಎಡೆಕೊಡುವ ಪ್ರಶ್ನೆ. ಅದನ್ನು ಎತ್ತುವುದಕ್ಕಾದರೂ ಆಕೆಗೆ ಆ 40 ಲಕ್ಷದ ಸಂಗತಿ ತಿಳಿಯಬೇಕಷ್ಟೆ. ಪೂಜ್ಯಪಾದರ ವಿವರಣೆಯಲ್ಲಿ ಅಂತಹ ಗೆರೆಯೇ ಇಲ್ಲ. ಒತ್ತೆಯಿಟ್ಟವನು ಬಂಧುವೋ ಅಪರಿಚಿತನೋ ಎಂದು ಅವರು ಕೇಳಲಿಲ್ಲ.

ಇದಕ್ಕೆ ವ್ಯವಹಾರಜ್ಞರು ಒಂದು ಆಕ್ಷೇಪ ಎತ್ತಬಹುದು, ಮತ್ತು ಅದು ಸುಲಭವಾಗಿ ತಳ್ಳಿಹಾಕುವಂತಹುದಲ್ಲ. ರಾಜಿಯೆಂದರೆ ಚೌಕಾಸಿ, ಇಬ್ಬರೂ ತಮ್ಮ ತಮ್ಮ ದೌರ್ಬಲ್ಯಗಳನ್ನು ಮುಚ್ಚಿಟ್ಟೇ ಕೂಡುತ್ತಾರೆ, ಎಲ್ಲವನ್ನೂ ಬಿಚ್ಚಿಡಬೇಕೆಂದರೆ ರಾಜಿಗಳೇ ನಿಂತುಹೋಗಿ ಜನ ಮತ್ತೆ ಹತ್ತಿಪ್ಪತ್ತು ವರ್ಷ ಕೋರ್ಟಿಗೆ ಅಲೆದು ವೈರ ಬೆಳೆಸುತ್ತಾರೆ, ಅದು ಹೆಚ್ಚಿನ ಹಿಂಸೆಯಲ್ಲವೇ ಎಂಬುದು ಆ ಆಕ್ಷೇಪ. ಪರರ ರಹಸ್ಯವನ್ನು ಹೊರಗೆಡಹುವುದನ್ನು ಸೂತ್ರವೇ ಅತಿಚಾರವೆಂದಿರುವಾಗ ಮೌನಕ್ಕೂ ಧರ್ಮದಲ್ಲಿ ಸ್ಥಾನವುಂಟು ಎಂದೂ ಅವರು ಹೇಳಬಹುದು. ಎರಡನೆಯದಕ್ಕೆ ಉತ್ತರ ಸರಳ. ಅಲ್ಲಿ ಕಾಪಾಡಬೇಕೆಂದಿರುವುದು ಇತರರ ರಹಸ್ಯವನ್ನು. ಇಲ್ಲಿ ಕಾಪಾಡುತ್ತಿರುವುದು ತನ್ನ ಲಾಭವನ್ನು. ಮೊದಲನೆಯದಕ್ಕೆ ವಿವೇಚನೆ ಬೇಕು. ದಾವೆಯಲ್ಲಿ ಯಾರು ಗೆಲ್ಲುತ್ತಾರೆ, ಸಾಕ್ಷಿ ನಿಲ್ಲುತ್ತದೆಯೇ, ನಿವೇಶನದ ಬೆಲೆ ಮುಂದೆ ಏರುತ್ತದೆಯೇ ಎಂಬುವು ಯಾರಿಗೂ ತಿಳಿಯದ ಸಂಗತಿಗಳು. ಈ ಅನಿಶ್ಚಿತವನ್ನು ಇಬ್ಬರೂ ಹಂಚಿಕೊಳ್ಳುವುದೇ ರಾಜಿಯ ಸ್ವರೂಪ. ಇದರಲ್ಲಿ ಚೌಕಾಸಿ ಮಾಡಿದರೆ ದೋಷವಿಲ್ಲ, ತನ್ನ ವಕೀಲರು ತನಗೆ ಹೇಳಿದ ಅಭಿಪ್ರಾಯವನ್ನು ಎದುರು ಪಕ್ಷಕ್ಕೆ ಹೇಳಬೇಕಾಗಿಯೂ ಇಲ್ಲ. ಖಾತೆಪುಸ್ತಕದಲ್ಲಿ ಬರೆದಿರುವ ಬಾಕಿ ಅನಿಶ್ಚಿತವಲ್ಲ. ಅದು ಮೂವರಿಗೂ ಸೇರಿದ್ದು. ಒಬ್ಬನ ಕಪಾಟಿನಲ್ಲಿದೆ, ಅಷ್ಟೆ. ಅದನ್ನು ಮರೆಮಾಡಿ ಉಳಿದುದನ್ನು ಹಂಚಿಕೊಂಡ ಒಪ್ಪಂದಕ್ಕೆ ರಾಜಿಯೆಂಬ ಹೆಸರು ಎರವಲು.

ಅನೇಕಾಂತವಾದವನ್ನು ಇಂತಹ ಪಂಚಾಯಿತಿಗಳಲ್ಲಿ ಉದಾಹರಿಸುವವರಿದ್ದಾರೆ. ಎಲ್ಲರ ಮಾತಿನಲ್ಲೂ ಸತ್ಯಾಂಶವಿದೆ, ಆದುದರಿಂದ ಅರ್ಧರ್ಧ ಮಾಡಿಬಿಡಿ ಎನ್ನುತ್ತಾರೆ. ವಸ್ತುವನ್ನು ಹಲವು ಕಡೆಗಳಿಂದ ನೋಡಬೇಕೆಂದು ಹೇಳುವ ದರ್ಶನವು ಅದರ ಒಂದು ಕಡೆಯನ್ನು ಬಚ್ಚಿಟ್ಟು ಉಳಿದುದನ್ನು ಭಾಗಿಸಿರೆಂದು ಎಲ್ಲಿಯೂ ಹೇಳಿಲ್ಲ.

ನ್ಯಾಯಾಲಯವು ಒಪ್ಪಂದದ ಹಿತಾಹಿತವನ್ನು ತೂಗಿಯೇ ಅನುಮತಿ ಕೊಡಬೇಕಾದ ಸಂದರ್ಭಗಳೂ ಇವೆ. ಪಕ್ಷಕಾರರಲ್ಲಿ ಅಪ್ರಾಪ್ತ ವಯಸ್ಕರಿದ್ದರೆ, 32ನೆಯ ಆದೇಶದ 7ನೆಯ ನಿಯಮದಂತೆ, ನ್ಯಾಯಾಲಯದ ಅನುಮತಿಯಿಲ್ಲದೆ ಪೋಷಕರು ರಾಜಿ ಮಾಡಿಕೊಳ್ಳುವಂತಿಲ್ಲ. ಒಪ್ಪಂದವು ಮಗುವಿನ ಹಿತಕ್ಕೆ ಅನುಗುಣವಾಗಿದೆಯೆಂದು ಪೋಷಕರು ಪ್ರಮಾಣಪತ್ರ ಸಲ್ಲಿಸಬೇಕು. ವಕೀಲರಿದ್ದರೆ ಅವರೂ ಹಾಗೆಂದು ದೃಢೀಕರಿಸಬೇಕು. ಇಷ್ಟಾದರೂ ಅದು ನಿಜವಾಗಿ ಹಿತವೇ ಎಂದು ನ್ಯಾಯಾಲಯ ಸ್ವತಂತ್ರವಾಗಿ ನೋಡಬಹುದು. ಅನುಮತಿಯಿಲ್ಲದ ರಾಜಿ ಮಗುವನ್ನು ಕಟ್ಟಿಹಾಕದು. ತನಗೆ ಬರಬೇಕಾದುದೇನೆಂದು ಅರಿಯಲಾರದವರ ಪರವಾಗಿ ಇನ್ನೊಬ್ಬರು ಅರಿತು ನೋಡಬೇಕೆಂಬುದೇ ಇದರ ತಿರುಳು. ನಮ್ಮ ಪ್ರಸಂಗದ ತಂಗಿಗೆ ನಲವತ್ತೈದು ವರ್ಷವಾಗಿರಬಹುದು, ಪದವೀಧರೆಯೂ ಇರಬಹುದು. ಆ ಖಾತೆಪುಸ್ತಕದ ಮಟ್ಟಿಗೆ ಆಕೆ ಮಗುವೇ. ಅದು ನ್ಯಾಯಾಧೀಶರಿಗೆ ಗೊತ್ತಿಲ್ಲ, ಅವರನ್ನು ದೂರುವಂತಿಲ್ಲ. ಗೊತ್ತಿರುವವನು ಒಬ್ಬನೇ, ಆತ ಅಣ್ಣ.

ಬಸದಿಗಳ ಮತ್ತು ಧರ್ಮದತ್ತಿಗಳ ವಿಶ್ವಸ್ತರ ಕಷ್ಟ ಬೇರೆ ಬಗೆಯದು. ಅವರನ್ನು ಕಾಡುವುದು ಲೋಭಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯ, ಒಮ್ಮೊಮ್ಮೆ ಬೇಸರ. ಬಸದಿಯ ಜಮೀನನ್ನು ಒತ್ತುವರಿ ಮಾಡಿದವನು ಊರಿನವನೇ, ಪರಿಚಿತನೇ. ದಾವೆ ಎಳೆಯುತ್ತಲೇ ಇದೆ. ಅರ್ಧ ಬಿಟ್ಟುಕೊಟ್ಟು ಮುಗಿಸೋಣವೆಂದು ಸಮಿತಿಗೆ ತೋರುತ್ತದೆ. ಔದಾರ್ಯವೆಂದು ಹೊಗಳುವವರೂ ಸಿಗುತ್ತಾರೆ. ತನ್ನದಲ್ಲದುದನ್ನು ಕೊಟ್ಟರೆ ದಾನವಾಗದು. ದಾನವೆಂದರೆ ತನ್ನದನ್ನು ತ್ಯಜಿಸುವುದೆಂದು ಅದೇ ಏಳನೆಯ ಅಧ್ಯಾಯದ ಅಭಿಪ್ರಾಯ. 1976ರಲ್ಲಿ ಸೇರಿಸಿದ 3ಬಿ ನಿಯಮವು ಇಂತಹ ಪ್ರಾತಿನಿಧಿಕ ದಾವೆಗಳಿಗೆ, ಅಂದರೆ ಸಾರ್ವಜನಿಕ ಧರ್ಮದತ್ತಿಗಳ ಬಗೆಗಿನ 92ನೆಯ ಕಲಮಿನ ದಾವೆಗಳಿಗೂ ಸಮುದಾಯದ ಪರವಾಗಿ ಕೆಲವರು ಹೂಡುವ ದಾವೆಗಳಿಗೂ ಅನ್ವಯಿಸುತ್ತದೆ. ಅನುಮತಿ ಕೊಡುವ ಮುನ್ನ ನ್ಯಾಯಾಲಯವು ಹಿತಾಸಕ್ತರಿಗೆ ನೋಟೀಸು ಕೊಡಬೇಕು. ಅನುಮತಿಯಿಲ್ಲದ ರಾಜಿ ಶೂನ್ಯ.

ಈ ನೋಟೀಸು ವ್ಯರ್ಥವಾದ ವಿಧಿಯಲ್ಲ. ಮಹಾರಾಷ್ಟ್ರದ ಶಿರಪುರದ ಅಂತರಿಕ್ಷ ಪಾರ್ಶ್ವನಾಥ ಕ್ಷೇತ್ರದಲ್ಲಿ ದಿಗಂಬರ ಶ್ವೇತಾಂಬರ ಉಭಯರೂ 1905ರಲ್ಲಿ ಪೂಜೆಯ ವೇಳಾಪಟ್ಟಿಯೊಂದಕ್ಕೆ ಒಪ್ಪಿದ್ದರು. ಆ ಒಪ್ಪಂದ ಬಹುಕಾಲ ಬಾಳಲಿಲ್ಲ. ವ್ಯಾಜ್ಯವು 1929ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು, ಅಲ್ಲಿಗೂ ತಣಿಯಲಿಲ್ಲ. ಯಾರ ತಪ್ಪು ಎಷ್ಟೆಂದು ಅಳೆಯುವುದು ಇಲ್ಲಿಯ ಉದ್ದೇಶವಲ್ಲ. ಸಮುದಾಯದ ಪರವಾಗಿ ಕೆಲವರು ಹಾಕಿದ ಸಹಿ ಸಮುದಾಯದ ಮನಸ್ಸಿನಲ್ಲಿ ಬೇರೂರದಿದ್ದರೆ ಕಾಗದ ಉಳಿದು ಶಾಂತಿ ಹೋಗುತ್ತದೆ. ಪತ್ರಿಕೆಯ ಮೂಲೆಯಲ್ಲಿ ಪ್ರಕಟವಾದ ನೋಟೀಸನ್ನು ಓದುವವರು ಕಡಿಮೆ. ಭಾನುವಾರದ ಅಭಿಷೇಕ ಮುಗಿದ ಮೇಲೆ ರಾಜಿಯ ಕರಡನ್ನು ಬಸದಿಯಲ್ಲಿ ಗಟ್ಟಿಯಾಗಿ ಓದಿ, ಹೆಂಗಸರೂ ಸೇರಿ ಎಲ್ಲರ ಪ್ರಶ್ನೆಗಳಿಗೆ ಉತ್ತರಿಸಲು ಯಾವ ವಿಶ್ವಸ್ತ ಸಮಿತಿಗೂ ಅಡ್ಡಿಯಿಲ್ಲ.

ಈಗ ರಾಜಿಯ ಮಾರ್ಗಗಳು ಹಿಂದಿಗಿಂತ ವಿಶಾಲವಾಗಿವೆ. ಲೋಕ ಅದಾಲತ್ತಿನ ತೀರ್ಪು ಡಿಕ್ರಿಗೆ ಸಮಾನ, ಅದರ ಮೇಲೆ ಮೇಲ್ಮನವಿಯಿಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ಹಿಂದಕ್ಕೆ ಬರುತ್ತದೆ. 2007ರಿಂದ ಬೆಂಗಳೂರಿನಲ್ಲಿ ಮಧ್ಯಸ್ಥಿಕಾ ಕೇಂದ್ರ ನಡೆಯುತ್ತಿದೆ. 2023ರಲ್ಲಿ ಮಧ್ಯಸ್ಥಿಕೆಗೆಂದೇ ಕಾಯಿದೆಯೂ ಬಂದಿದೆ. ಇವೆಲ್ಲ ಸ್ವಾಗತಾರ್ಹ. ಮಾರ್ಗ ಹ್ರಸ್ವವಾದಷ್ಟೂ ಪ್ರಶ್ನೆ ಕೇಳುವವರ ಸಮಯವೂ ಹ್ರಸ್ವವಾಗುತ್ತದೆಂಬುದನ್ನು ಸಹಿ ಮಾಡುವವರು ನೆನಪಿಡಬೇಕಾಗುತ್ತದೆ.

ಹಿಂದಿನ ಪ್ರಸಂಗದ ಅಣ್ಣನಿಗೆ ಇಷ್ಟೆಲ್ಲ ತಿಳಿದದ್ದು ಡಿಕ್ರಿಯಾಗಿ ಕೆಲವು ವರ್ಷಗಳಾದ ಮೇಲೆ ಎಂದಿಟ್ಟುಕೊಳ್ಳಬಹುದು. ಬಾಕಿ ವಸೂಲಾಗಿದೆ; ಅಂಗಡಿ ಬೆಳೆದಿದೆ. ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬರುತ್ತದೆ. ಎಲ್ಲರಿಗೂ ಕಳುಹಿಸುವ ಅಚ್ಚಿನ ಪತ್ರವನ್ನು ತಂಗಿಗೂ ಕಳುಹಿಸುವುದೋ ಬೇಡವೋ ಎಂಬಲ್ಲಿ ಅವನ ಕೈ ತಡೆಯುತ್ತದೆ. ಉತ್ತಮ ಆರ್ಜವವನ್ನು ಮೂರನೆಯ ದಿನವೇ ಪೂಜಿಸಿ ಬಂದವನಿಗೆ ಹಾಗಾಗುವುದು ಸಹಜ. ಡಿಕ್ರಿ ಅವನನ್ನು ಕೊಡಬೇಕಾದ ಹೊಣೆಯಿಂದ ಬಿಡಿಸಿದೆ, ಕೊಡದಂತೆ ತಡೆದಿಲ್ಲ. ಪಾಲಿಗೆ ಬರುವ 13 ಲಕ್ಷದ ಚಿಲ್ಲರೆಯನ್ನೂ ಇಷ್ಟು ವರ್ಷಗಳ ಬಡ್ಡಿಯನ್ನೂ ಲೆಕ್ಕ ಹಾಕಿ, ಖಾತೆಪುಸ್ತಕದ ಆ ಪುಟದೊಡನೆ ತಂಗಿಯ ಮನೆಗೆ ಹೋಗುವುದಕ್ಕೆ ಯಾವ ನ್ಯಾಯಾಲಯದ ಅನುಮತಿಯೂ ಬೇಕಾಗಿಲ್ಲ. ಆಕೆ ಬಾಗಿಲು ತೆರೆದು ಒಳಗೆ ಕರೆಯುತ್ತಾಳೋ ಇಲ್ಲವೋ ಎಂಬುದನ್ನು ಮಾತ್ರ ಯಾರೂ ಮುಂಚಿತವಾಗಿ ಹೇಳಲಾರರು.