ಯಶೋದೆಗೆ ಗೊತ್ತಿತ್ತಾ ಆಂಟಿ?

ಶ್ರೀ ಗುರುಭ್ಯೋ ನಮಃ. 

ಪುರಂದರದಾಸರ ಆರಾಧನೆ, ಅಂದರೆ ಪುಷ್ಯ ಬಹುಳ ಅಮಾವಾಸ್ಯೆ, ನಮ್ಮ ಸಿಡ್ನಿಯಲ್ಲಿ ಬರುವುದು ಸುಡುಬೇಸಿಗೆಯಲ್ಲಿ. ಮಕ್ಕಳಿಗೆ ರಜೆ ಮುಗಿದು ಶಾಲೆ ಶುರುವಾಗೋ ಹೊತ್ತು. ಮಕ್ಕಳಿಗೆ ಕಲಿಸೋದು ಹೇಗೆ ಅಂತ ಬರೀರಿ ಎಂದು ಕೆಲವು ತಾಯಂದಿರು ಕೇಳಿದ್ದರು. ಎಂ.ಎ. ಓದಿದಾಗ ಕಲಿಯದ ಒಂದು ಪಾಠವನ್ನು ನನಗೆ ಎಂಟು ವರ್ಷದ ಹುಡುಗಿ ಕಲಿಸಿದಳು. ಅದನ್ನೇ ಹೇಳ್ತೀನಿ.

ಮ್ಯಾಕ್ವೆರಿ ಪಾರ್ಕಿನ ನಮ್ಮ ಮನೆ ಹಾಲ್‌ನಲ್ಲಿ ಶನಿವಾರ ಬೆಳಿಗ್ಗೆ ಪಾಠ. ಅವತ್ತು ‘ಜಗದೋದ್ಧಾರನ’ ಹೇಳಿಕೊಡ್ತಿದ್ದೆ. ಮಕ್ಕಳು ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದರು. ಈ ಹುಡುಗಿ ನಡುವೆ ಕೈ ಎತ್ತಿ, “ಆಂಟಿ, ಅವನು ಗಾಡ್ ಅಂತ ಯಶೋದೆಗೆ ಗೊತ್ತಿತ್ತಾ?” ಅಂದಳು. ಮುಂದಿನ ವಾರ ಕಾರ್ಯಕ್ರಮ, ತಾಳ ಇನ್ನೂ ಕೂತಿರಲಿಲ್ಲ. “ಮೊದಲು ತಾಳ ಸರಿಯಾಗಿ ಹಾಕು, ಪ್ರಶ್ನೆ ಆಮೇಲೆ” ಅಂತ ಜೋರಾಗಿಯೇ ಅಂದುಬಿಟ್ಟೆ. ಆ ‘ಆಮೇಲೆ’ ಬರಲೇ ಇಲ್ಲ. ಕಾರ್ಯಕ್ರಮದಲ್ಲಿ ಎಲ್ಲರ ಜೊತೆ ಬಾಯಿ ಆಡಿಸಿದಳು, ಅವಳ ದನಿ ಕೇಳಿಸಲಿಲ್ಲ. ಎರಡು ವಾರಕ್ಕೆ ಅವರಮ್ಮನ ಮೆಸೇಜ್: “ಶನಿವಾರ ಸ್ವಿಮ್ಮಿಂಗ್‌ಗೆ ಸೇರಿಸಿದ್ದೀವಿ ಮೇಡಂ.”

ಆ ಪದದ ಜೀವವೇ ಅವಳ ಪ್ರಶ್ನೆಯಲ್ಲಿತ್ತು. ನಾನು ರಾಗ ಹಿಡಿದು ಕೂತಿದ್ದೆ, ಮಗು ಭಾವ ಹಿಡಿದಿತ್ತು.

ಆಮೇಲೆ ದಾಸರ ಪಾಠಕ್ರಮವನ್ನೇ ಮತ್ತೆ ತೆಗೆದು ನೋಡಿದೆ. ಸಾಮಾನ್ಯವಾಗಿ ಹೇಳುವ ಪ್ರಕಾರ 1484ರಿಂದ 1564ರವರೆಗೆ ಬಾಳಿದ ಪುರಂದರದಾಸರನ್ನು ನಾವು ಕರ್ನಾಟಕ ಸಂಗೀತ ಪಿತಾಮಹ ಅಂತ ಕರೆಯೋದು ಬರೀ ಪದಗಳಿಗಾಗಿ ಅಲ್ಲ, ಮಕ್ಕಳ ಪಾಠಕ್ಕಾಗಿ ಕೂಡ. ಸರಳೆ, ಜಂಟಿ, ಅಲಂಕಾರ, ಗೀತೆ ಎಂಬ ಮೆಟ್ಟಿಲುಗಳನ್ನು ಕಟ್ಟಿಕೊಟ್ಟವರು ಅವರೇ ಅನ್ನೋದು ಸಂಪ್ರದಾಯ. ಮಾಯಾಮಾಳವಗೌಳ, 15ನೇ ಮೇಳ, ಅದರಿಂದಲೇ ಯಾಕೆ ಶುರು? ಮನೆಯಲ್ಲಿ ಕೀಬೋರ್ಡ್ ಇದ್ದರೆ ಸಿ, ಡಿ ಫ್ಲಾಟ್, ಇ, ಎಫ್ ಒತ್ತಿ ನೋಡಿ. ಅದು ಸ ರಿ ಗ ಮ. ಈಗ ಜಿ, ಎ ಫ್ಲಾಟ್, ಬಿ, ಮೇಲಿನ ಸಿ. ಅದು ಪ ದ ನಿ ಸ. ನಡುವಿನ ಅಂತರಗಳು ಎರಡರಲ್ಲೂ ಒಂದೇ! ನಾಲ್ಕು ಮೆಟ್ಟಿಲು ಹತ್ತೋದು ಬಂದ ಮಗುವಿಗೆ ಇನ್ನು ನಾಲ್ಕು ಅಪರಿಚಿತವಲ್ಲ. ಮೊದಲ ಗೀತೆಗಳ ರಾಗ ಮಲಹರಿಯೂ ಇದೇ ಮೇಳದ ಕೂಸು. ನಿಷಾದವೇ ಇಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಹೊಸ ಸ್ವರ ಒಂದೂ ಇಲ್ಲದೆ, ಹೊಸದಾಗಿ ಸಾಹಿತ್ಯ ಮಾತ್ರ ಬರುತ್ತದೆ. ಒಂದು ಸಲಕ್ಕೆ ಒಂದೇ ಭಾರ. ಅದೇ ಪಾಠ ಮೊದಲ ಕಾಲದಲ್ಲಿ ನಿಧಾನ, ಆಮೇಲೆ ಎರಡನೇ, ಮೂರನೇ ಕಾಲ. ಮಗುವಿನ ಉಸಿರು ಎಷ್ಟು, ಗಮನ ಎಷ್ಟು ಅಂತ ನೋಡಿ ಕಟ್ಟಿದ ಕ್ರಮ ಇದು. ನಾನೋ, ಕಾರ್ಯಕ್ರಮದ ತಾರೀಖು ನೋಡಿ ಪಾಠ ಮಾಡ್ತಿದ್ದೆ.

ಮನೆಯವರಿಗೂ ಒಂದು ಮಾತು. ವಾರಕ್ಕೆ ಒಂದು ಗಂಟೆ ನನ್ನ ಹತ್ತಿರ, ಉಳಿದದ್ದೆಲ್ಲ ನಿಮ್ಮ ಹತ್ತಿರ. ದಾಸರು ಗೆಜ್ಜೆ ಕಟ್ಟಿ ತಂಬೂರಿ ಹಿಡಿದು ಮನೆಮನೆಯ ಮುಂದೆ ಹಾಡಿಕೊಂಡು ಹೋಗುತ್ತಿದ್ದರು. ಮಕ್ಕಳ ಕಿವಿಗೆ ಪದ ಬಿದ್ದದ್ದು ಬಾಗಿಲಲ್ಲಿ, ಜಗಲಿಯಲ್ಲಿ. “ನನಗೆ ಹಾಡೋಕೆ ಬರಲ್ಲ ಮೇಡಂ” ಅನ್ನಬೇಡಿ, ಚಪಾತಿ ಲಟ್ಟಿಸುವಾಗ ಗುನುಗಿದರೂ ಸಾಕು. ನಮ್ಮ ಕ್ಲಾಸಿನ ಒಬ್ಬ ತಂದೆ ಕಾರಿನಲ್ಲಿ ಕಾಯೋದು ಬಿಟ್ಟು ಒಳಗೆ ಬಂದು ಮಗನ ಪಕ್ಕ ಕೂತರು. ಈಗ ಎಮ್2 ರಸ್ತೆಯಲ್ಲಿ ಹೋಗುವಾಗ ಮಗನೇ ಅಪ್ಪನ ತಪ್ಪು ತಿದ್ದುತ್ತಾನಂತೆ! ಇನ್ನೊಬ್ಬರಿಗೆ ಹೇಳಿಕೊಟ್ಟಾಗ ಗಟ್ಟಿಯಾಗುವಷ್ಟು ಪಾಠ ಬೇರೆ ಯಾವುದರಿಂದಲೂ ಆಗಲ್ಲ.

ಆ ಹುಡುಗಿಯ ತಾಯಿಗೆ ಫೋನ್ ಮಾಡಿ ತಪ್ಪು ನನ್ನದು ಅಂತ ಹೇಳಿದೆ. ಬಾಯಿಗೆ ಬರೋಕೆ ಸ್ವಲ್ಪ ಕಷ್ಟವೇ ಆಯಿತು, ಸುಳ್ಳು ಹೇಳಲ್ಲ. ಈ ಸಲದ ಆರಾಧನೆಗೆ ಬಂದಳು, ಹಿಂದೆ ಕೂತಳು. ಮಂಗಳಾರತಿ ಆದ ಮೇಲೆ ನಾನೇ ಹೋಗಿ ಪಕ್ಕದಲ್ಲಿ ಕೂತು, “ನಿನ್ನ ಪ್ರಶ್ನೆಗೆ ಉತ್ತರ ಬಾಕಿ ಇದೆ ಕಂದ” ಅಂದೆ. ಭಾಗವತದ ದಶಮಸ್ಕಂಧದ ಎಂಟನೇ ಅಧ್ಯಾಯದ ಕಥೆ ಹೇಳಿದೆ. ಕೃಷ್ಣ ಮಣ್ಣು ತಿಂದ ಅಂತ ಬಲರಾಮ ಮತ್ತೆ ಹುಡುಗರು ಚಾಡಿ ಹೇಳಿದ್ದು, ಯಶೋದೆ ಕೈ ಹಿಡಿದು ಗದರಿದ್ದು, ಬಾಯಿ ತೆರೆದರೆ ಅದರೊಳಗೆ ಜಗತ್ತೆಲ್ಲ ಕಂಡದ್ದು. “ಆ ಕ್ಷಣ ಅವಳಿಗೆ ಗೊತ್ತಾಯಿತು. ಕೂಡಲೇ ಅವನು ತನ್ನ ಮಾಯೆ ಕವಿಸಿದ, ಮರೆತುಹೋಯಿತು. ಮತ್ತೆ ಮಗೂನ ತೊಡೆ ಮೇಲೆ ಕೂರಿಸಿಕೊಂಡಳು. ಗೊತ್ತೇ ಇದ್ದಿದ್ದರೆ ಆಡಿಸೋಕೆ ಆಗ್ತಿತ್ತಾ ಹೇಳು, ಕೈ ಮುಗಿದು ದೂರ ನಿಲ್ತಿದ್ದಳು.”

ಅವಳು ಕೋಸಂಬರಿ ತಿನ್ನೋದು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚನೆ ಮಾಡಿದಳು.

“ಎಲ್ಲಾ ಮರೆತರೂ ಆಂಟಿ, ಅವನಿಗೆ ಬೈದಿದ್ದು ಅವಳಿಗೆ ನೆನಪಿತ್ತಾ?”

ಶ್ರೀ ಕೃಷ್ಣಾರ್ಪಣಮಸ್ತು.