ಹಾಡಿನ ತವರು ಯಾವುದು?

ಅಮೆರಿಕದ ‘ಕಂಟ್ರಿ’ ಹಾಡೆಂದರೆ ಹಳ್ಳಿ, ದುಡಿಮೆ, ಬಿಟ್ಟುಬಂದ ಮನೆಯ ನೆನಪು. ಅದರಲ್ಲಿ ಮಿಡಿಯುವ ಬ್ಯಾಂಜೊ ವಾದ್ಯದ ಮೂಲ ಗುಲಾಮರಾಗಿ ಬಂದ ಆಫ್ರಿಕನ್ನರದು. ಆದರೂ 2024ರಲ್ಲಿ ಕಪ್ಪು ಗಾಯಕಿ ಬಿಯಾನ್ಸೆ ಹಾಡಿದಾಗ, ‘ಇದೂ ಕಂಟ್ರಿಯೇ?’ ಎಂಬ ತಕರಾರು ಎದ್ದಿತು.

1988ರಲ್ಲಿ ಟ್ರೇಸಿ ಚಾಪ್‌ಮನ್ ತಾವೇ ಬರೆದ ‘ಫಾಸ್ಟ್ ಕಾರ್’ ಹಾಡನ್ನು ಹೊರತಂದರು. ಕುಡುಕ ತಂದೆ, ಅಂಗಡಿಯ ಕೆಲಸ, ಊರು ಬಿಡುವ ಆಸೆ ಎಲ್ಲ ಅದರಲ್ಲಿತ್ತು. ಕಂಟ್ರಿ ಪಟ್ಟಿಗೆ ಮಾತ್ರ ಅದು ಸೇರಲಿಲ್ಲ. 2023ರಲ್ಲಿ ಬಿಳಿಯ ಗಾಯಕ ಲ್ಯೂಕ್ ಕೋಮ್ಸ್ ಅದನ್ನೇ ಹಾಡಿದರು. ಆಗ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ‘ವರ್ಷದ ಹಾಡು’ ಪ್ರಶಸ್ತಿಯನ್ನು ಚಾಪ್‌ಮನ್‌ಗೆ ಕೊಟ್ಟಿತು.

ಪ್ರೀತಿಯಿಂದ ಹಾಡಿದವರದು ತಪ್ಪಲ್ಲ. ಆದರೆ ತವರಿನ ಬಾಗಿಲಿಗೆ ಬಂದ ಮಗಳು ಅಣ್ಣನ ಕೈಹಿಡಿದೇ ಒಳಗೆ ಹೋಗಬೇಕೆ? ಹಾಡಿದವರ ಕುಲ ಕೇಳುವುದಕ್ಕಿಂತ, ಹಾಡಿನೊಳಗಿನ ಬದುಕನ್ನು ಕೇಳುವುದೇ ನ್ಯಾಯವೆಂದು ನನಗನಿಸುತ್ತದೆ.